ಬಾಲ್ಕೊನಿಕ್ ಇಲ್ಲದೆ ಕದಲುವುದಿಲ್ಲ

ಒಂದನೇ ನಂಬರಿನ ಮನೆಯ ಲೆಯೋನಾರ್ದ್ ತೀರಿಕೊಂಡರೆಂದು ಇರ್ಮಿನಾ ಬಂದು ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು "ಅಯ್ಯೋ ಪಾಪ" ಅಲ್ಲ. "ಮನೆ ಯಾರಿಗಂತೆ?" ಎಂದು ಕೇಳಿಬಿಟ್ಟೆ. ಇರ್ಮಿನಾ ಬ್ರೆಡ್ಡಿನ ಚೀಲವನ್ನು ಮೇಜಿನ ಮೇಲಿಟ್ಟು ನನ್ನ ಮುಖವನ್ನೇ ನೋಡಿದಳು. ಅವಳು ಮೂರನೇ ಮಹಡಿಯವಳು, ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಹಾಗೆ ನೋಡಿ ನೋಡಿಯೇ ನಿವೃತ್ತಿಯಾದವಳು.

"ಹೆಣ ಇನ್ನೂ ತಣ್ಣಗಾಗಿಲ್ಲ ಕಣೇ ಲುಚಿನಾ."

"ನಾನೇನು ಸಾಯಿ ಅಂದ್ನಾ ಅವರನ್ನ? ಎಂಬತ್ತೊಂಬತ್ತಾಗಿತ್ತು, ಹೋದ್ರು. ಮನೆ ಯಾರಿಗೆ ಅಂತ ಕೇಳ್ದೆ, ಅಷ್ಟೆ."

"ಕೆಳಗಡೆ ಬಾಗಿಲಿಗೆ ಕಪ್ಪಂಚಿನ ಸಾವಿನ ಚೀಟಿ ಅಂಟಿಸಿದಾರೆ. ಅದರಲ್ಲಿ ಮನೆ ಯಾರಿಗೆ ಅಂತ ಬರೆದಿಲ್ಲ," ಎಂದಳು. ಆದರೂ ಕುಳಿತಳು. ಅವಳಿಗೂ ಗೊತ್ತಿತ್ತು, ನಾನು ಯಾಕೆ ಕೇಳಿದೆ ಅಂತ.

ತೋರುನ್ ಊರಿನಲ್ಲಿ ನಮ್ಮಂಥ ಕಟ್ಟಡಗಳು ಬೇಕಾದಷ್ಟಿವೆ. ನೆಲಮಹಡಿ, ಅದರ ಮೇಲೆ ನಾಲ್ಕು. ಇನ್ನೊಂದು ಮಹಡಿ ಇದ್ದಿದ್ದರೆ ಆಗಿನ ಕಾನೂನಿನ ಪ್ರಕಾರ ಲಿಫ್ಟ್ ಹಾಕಬೇಕಿತ್ತು, ಅದಕ್ಕೇ ನಾಲ್ಕಕ್ಕೆ ನಿಲ್ಲಿಸಿದರು. ಕಟ್ಟಿದವರ ಬುದ್ಧಿವಂತಿಕೆಯ ಫಲವನ್ನು ಈಗ ನಾನು ಉಣ್ಣುತ್ತಿದ್ದೇನೆ. ನಾಲ್ಕನೇ ಮಹಡಿಯ ನನ್ನ ಬಾಗಿಲಿನಿಂದ ಕೆಳಗಿನ ಬಾಗಿಲಿಗೆ ಎಪ್ಪತ್ತೆರಡು ಮೆಟ್ಟಿಲು. ಲೆಯೋನಾರ್ದ್ ಅವರ ಮನೆಗೆ ಮೂರೇ ಮೂರು, ಅದರ ಪಕ್ಕದಲ್ಲಿ ಮಕ್ಕಳ ತಳ್ಳುಗಾಡಿಗೆ ಅಂತ ಹಾಕಿದ ಒಂದು ಇಳಿಜಾರೂ ಇದೆ.

ನಾನು ಇಪ್ಪತ್ತನಾಲ್ಕು ವರ್ಷ ಈ ಊರಿನಲ್ಲಿ ಟ್ರಾಮ್ ಓಡಿಸಿದವಳು. ಮುಂಜಾನೆ ನಾಲ್ಕೂವರೆಯ ಮೊದಲ ಗಾಡಿ ನನ್ನದೇ. ಒಂದು ದಿನ ಎಡಗಾಲು ಪೆಡಲ್ ಮೇಲೆ ಇದೆಯೋ ಇಲ್ಲವೋ ಗೊತ್ತಾಗದೆ ಬಗ್ಗಿ ನೋಡಿದೆ. ನರಗಳ ಹೊದಿಕೆಯನ್ನು ಒಳಗಿಂದೊಳಗೆ ತಿನ್ನುವ ಕಾಯಿಲೆ ಅಂದರು ಡಾಕ್ಟರು. ಮೊದಲು ಒಂದು ಕೋಲು ಬಂತು, ಆಮೇಲೆ ಎರಡು ಊರುಗೋಲು, ಆಮೇಲೆ ವಾಕರ್.

ವಾಕರ್ ನನ್ನ ಹತ್ತಿರ ಎರಡಿವೆ. ಒಂದು ಮನೆಯೊಳಗೆ. ಇನ್ನೊಂದು ಕೆಳಗೆ, ಮೆಟ್ಟಿಲ ಬುಡದ ಕಂಬಿಗೆ ಸೈಕಲ್ ಬೀಗ ಹಾಕಿ ಕಟ್ಟಿದ್ದು. ಎರಡರ ನಡುವಿನ ಎಪ್ಪತ್ತೆರಡು ಮೆಟ್ಟಿಲಲ್ಲಿ ನನಗೆ ದೇವರು ಕೊಟ್ಟ ಅಂಡೇ ಗತಿ. ರಬ್ಬರ್ ಹಾಸಿನ ತುಂಡೊಂದನ್ನು ಸೊಂಟಕ್ಕೆ ಕಟ್ಟಿಕೊಂಡು, ಹಳೇ ಟ್ರಾಮ್ ಕೈಗವಸು ತೊಟ್ಟು, ಒಂದೊಂದೇ ಮೆಟ್ಟಿಲು ಕೂತು ಕೂತು ಜಾರುತ್ತೇನೆ. ಇಳಿಯಲು ಮುಕ್ಕಾಲು ಗಂಟೆ, ಹತ್ತಲು ಅದರ ಎರಡರಷ್ಟು. ದಾರಿಯಲ್ಲಿ ಬಚ್ಚಲಿಲ್ಲವಲ್ಲ, ಹಾಗಾಗಿ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದಿಲ್ಲ. ಆಸ್ಪತ್ರೆಗಾದರೆ ಇಬ್ಬರು ಆಳುಗಳು ಬಂದು ಕುರ್ಚಿಯಲ್ಲಿ ಹೊತ್ತು ಇಳಿಸುತ್ತಾರೆ. ರೊಟ್ಟಿ ಕೊಳ್ಳಲು, ನದಿ ನೋಡಲು ಯಾರೂ ಹೊರುವುದಿಲ್ಲ. ಪೇಪರಿನವರು ನಮ್ಮಂಥವರಿಗೆ ನಾಲ್ಕನೇ ಮಹಡಿಯ ಕೈದಿಗಳು ಎಂದು ಹೆಸರಿಟ್ಟಿದ್ದಾರೆ. ಕೈದಿಗಾದರೂ ದಿನಕ್ಕೊಂದು ಗಂಟೆ ಅಂಗಳಕ್ಕೆ ಬಿಡುತ್ತಾರೆ. ಲೆಯೋನಾರ್ದ್ ಸತ್ತಾಗ ನಾನು ಹೊರಗೆ ಹೋಗಿ ಐದು ತಿಂಗಳಾಗಿತ್ತು.

ಮನೆ ಅದಲುಬದಲಿಗೆ ಅರ್ಜಿ ಹಾಕಬಹುದು ಎಂದು ಇರ್ಮಿನಾಳೇ ವಿಚಾರಿಸಿಕೊಂಡು ಬಂದಳು. ನಮ್ಮ ಕಟ್ಟಡಗಳೆಲ್ಲ ಒಂದು ವಸತಿ ಸಹಕಾರ ಸಂಘದವು. ಅವರ ಕಚೇರಿಯಿಂದ ಮೂರು ಹಾಳೆಯ ಫಾರಂ ತಂದು, ಕನ್ನಡಕ ಹಾಕಿಕೊಂಡು, ನನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತಳು. ಹೆಸರು, ವಯಸ್ಸು, ಈಗಿನ ಮನೆ, ಕೋರುವ ಮನೆ, ಎಲ್ಲ ತುಂಬಿ ಆಯಿತು. ಮೊದಲ ಹಾಳೆಯ ಕೊನೆಯಲ್ಲಿ ಬೆರಳಗಲದ ಒಂದು ಚೌಕ ಇತ್ತು: ಅರ್ಜಿದಾರರ ಅನಿವಾರ್ಯ ಅಗತ್ಯ.

"ಇಲ್ಲಿ ಹೋಜಿಕ್ ಅಂತ ಬರಿ," ಎಂದಳು ಇರ್ಮಿನಾ.

ನಮ್ಮ ಮಾತಿನಲ್ಲಿ ವಾಕರ್‌ಗೆ ಎರಡು ಹೆಸರು. ಹೋಜಿಕ್ ಅಂದರೆ ನಡೆಯುವ ಗಾಡಿ. ಹತ್ತು ತಿಂಗಳ ಮಗುವನ್ನು ಕೂರಿಸಿ ನಡಿಗೆ ಕಲಿಸುವ ಚಕ್ರದ ಗಾಡಿಗೂ ಅದೇ ಹೆಸರು. ಇನ್ನೊಂದು ಬಾಲ್ಕೊನಿಕ್, ಅಂದರೆ ಪುಟ್ಟ ಬಾಲ್ಕನಿ. ಮೂರು ಕಡೆ ಕಂಬಿ, ನಡುವೆ ನಾವು ನಿಲ್ಲುವುದು, ಅದಕ್ಕೆ ಆ ಹೆಸರು.

"ಹೋಜಿಕ್ ಬರೆಯೋಕೆ ನಾನೇನು ತೊಟ್ಟಿಲ ಕೂಸಾ?" ಅಂದೆ. "ಮೂವತ್ತು ಟನ್ ಗಾಡಿ ಓಡಿಸ್ದವಳು ನಾನು. ಬಾಲ್ಕೊನಿಕ್ ಅಂತ ಬರೀತೀನಿ. ಅದಕ್ಕಾದ್ರೂ ಒಂದು ಮರ್ಯಾದೆ ಇದೆ."

"ಕಾಯಿಲೆ ಹೆಸರೂ ಹಾಕು."

"ಡಾಕ್ಟರ ಸರ್ಟಿಫಿಕೇಟು ಹಿಂದೆ ಇದೆಯಲ್ಲ, ಓದ್ಕೊಳ್ಳಲಿ. ಇಷ್ಟಗಲ ಜಾಗದಲ್ಲಿ ನನ್ನ ಗೋಳೆಲ್ಲ ಬರೆದು ಕೈಚಾಚಲ್ಲ ನಾನು."

"ನಿನ್ನ ಗತ್ತಿಗೆ ಬೆಂಕಿ ಹಾಕ," ಎಂದು ಪೆನ್ನು ನನ್ನ ಕಡೆ ತಳ್ಳಿದಳು. ನಾನು ದುಂಡಗೆ ಬರೆದೆ: ಬಾಲ್ಕೊನಿಕ್. ಅದಿಲ್ಲದೆ ನಾನು ಎಲ್ಲಿಗೂ ಕದಲುವುದಿಲ್ಲ.

ಬರೆದದ್ದು ನೋಡಿ ನನಗೇ ಖುಷಿಯಾಯಿತು. ಬೇಡುವ ದನಿ ಇಲ್ಲ, ಸುಳ್ಳೂ ಇಲ್ಲ.

ಆಮೇಲಿನ ಏಳು ವಾರ ನಾನು ಸಂತೋಷವಾಗಿದ್ದೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಲೆಯೋನಾರ್ದ್ ಅವರ ಬಾಗಿಲಿನ ಅಗಲ ಎಷ್ಟೆಂದು ಇರ್ಮಿನಾಳ ಕೈಲಿ ಟೇಪು ಕೊಟ್ಟು ಅಳೆಸಿದೆ. ನನ್ನ ವಾಕರ್ ಹೋಗಿ ಎರಡು ಬೆರಳು ಮಿಗುತ್ತಿತ್ತು. ಯಾವ ಕಿಟಕಿಯ ಪಕ್ಕ ಮಂಚ, ಎಲ್ಲಿ ಮೇಜು, ಎಲ್ಲ ಮನಸ್ಸಿನಲ್ಲೇ ಜೋಡಿಸಿದೆ. ಬೆಳಗ್ಗೆ ಎದ್ದು ಯಾರನ್ನೂ ಕೇಳದೆ ಮೂಲೆಯ ಬೇಕರಿಗೆ ಹೋಗಿ, ಬಿಸಿ ಬನ್ನು ತಗೊಂಡು, ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತು ತಿನ್ನುವುದು. ಹಳೆಯ ಸಹೋದ್ಯೋಗಿಗಳು ಗಾಡಿ ನಿಲ್ಲಿಸಿ ಗಂಟೆ ಬಾರಿಸಿದರೆ ಕೈ ಎತ್ತುವುದು. ಇಷ್ಟೇ ನನ್ನ ಆಸೆ. ಕಚೇರಿಗೆ ಎರಡು ಸಲ ಫೋನ್ ಮಾಡಿದೆ. ಅರ್ಜಿ ಪರಿಶೀಲನೆಯಲ್ಲಿದೆ ಅಂದರು, ನನ್ನ ಹೆಸರು ಪಟ್ಟಿಯಲ್ಲಿ ಮೊದಲಿದೆ ಅಂತಲೂ ಅಂದರು.

ಏಪ್ರಿಲ್ ಕೊನೆಯಲ್ಲಿ ಪತ್ರ ಬಂತು. ಇರ್ಮಿನಾ ಗಟ್ಟಿಯಾಗಿ ಓದಿದಳು. ತಾವು ಕೋರಿರುವ ಒಂದನೇ ನಂಬರಿನ ಮನೆಗೆ ಬಾಲ್ಕನಿ ಇರುವುದಿಲ್ಲ. ಆದ್ದರಿಂದ ತಮ್ಮ ಅನಿವಾರ್ಯ ಅಗತ್ಯವನ್ನು ಪೂರೈಸಲಾಗದೆ, ಸದರಿ ಮನೆಯನ್ನು ಪಟ್ಟಿಯಲ್ಲಿ ಮುಂದಿನವರಿಗೆ ನೀಡಲಾಗಿದೆ.

"ಇನ್ನೊಂದ್ಸಲ ಓದು," ಅಂದೆ.

ಓದಿದಳು. ಪತ್ರವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇರುತ್ತಾರೆಂದು ಗೊತ್ತಿತ್ತು, ಆದರೆ ಆ ಎತ್ತು ನಾನೇ ಆಗುತ್ತೇನೆ ಅಂತ ಗೊತ್ತಿರಲಿಲ್ಲ. ಇರ್ಮಿನಾ "ನಾನು ಹೇಳಿದ್ನಲ್ಲ" ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವತ್ತು ರಾತ್ರಿ ನೀರು ಕುಡಿಯಲಿಲ್ಲ. ಬೆಳಗ್ಗೆ ಎಂಟಕ್ಕೆ ರಬ್ಬರ್ ಹಾಸು ಕಟ್ಟಿಕೊಂಡು ಇಳಿಯಲು ಶುರುಮಾಡಿದೆ. ಮೂರನೇ ಮಹಡಿಯಲ್ಲಿ ಇರ್ಮಿನಾ ಬಾಗಿಲು ತೆರೆದು, ನನ್ನ ಕೈಚೀಲ ತೆಗೆದುಕೊಂಡು, ನನಗಿಂತ ನಾಲ್ಕು ಮೆಟ್ಟಿಲು ಕೆಳಗೆ ನಿಂತು ನಿಂತು ಜೊತೆಗೆ ಬಂದಳು. ಅವಳ ಮಂಡಿಯೂ ಸವೆದಿದೆ. ನಾನು ಬಿದ್ದರೆ ಹಿಡಿಯುವ ಶಕ್ತಿ ಅವಳಿಗಿಲ್ಲ, ಇಬ್ಬರೂ ಒಟ್ಟಿಗೆ ಬೀಳುತ್ತೇವೆ ಅಷ್ಟೆ. ಅದು ಇಬ್ಬರಿಗೂ ಗೊತ್ತು. ಎರಡನೇ ಮಹಡಿಯಲ್ಲಿ ಬಲಗಾಲು ತನ್ನಷ್ಟಕ್ಕೆ ತಾನೇ ನಡುಗಲು ಹಿಡಿಯಿತು. ಅದು ನಿಲ್ಲುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಯಾರದೋ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು.

ಕೆಳಗೆ ಬೀಗ ಬಿಚ್ಚಿ, ನನ್ನ ಎರಡನೇ ವಾಕರ್ ಹಿಡಿದು ನಿಂತಾಗ ಬಾಗಿಲಿನಿಂದ ಗಾಳಿ ಮುಖಕ್ಕೆ ಬಡಿಯಿತು. ಒಂದು ಕ್ಷಣ ಯಾಕೆ ಇಳಿದೆ ಅನ್ನುವುದೇ ಮರೆತುಹೋಯಿತು.

ಸಂಘದ ಕಚೇರಿ ಎರಡು ಕಟ್ಟಡ ಆಚೆ. ಆರನೇ ಕೋಣೆಯ ಕೌಂಟರಿನಲ್ಲಿ ಬೊಜೆನಾ ಎಂಬ ಫಲಕ, ಅದರ ಹಿಂದೆ ನಲವತ್ತರ ಆಸುಪಾಸಿನ ಹೆಂಗಸು. ಕೌಂಟರು ನನ್ನ ಎದೆಯ ಎತ್ತರಕ್ಕಿತ್ತು. ಅವಳಿಗೆ ಕಾಣುತ್ತಿದ್ದದ್ದು ನನ್ನ ಮುಖ, ಭುಜ ಇಷ್ಟೇ.

"ಒಂದನೇ ನಂಬರಿನ ಮನೆಗೆ ಬಾಲ್ಕನಿ ಇಲ್ಲ ಅಂತ ನನಗ್ಯಾಕೆ ಬರೆದಿದೀರಿ?" ಎಂದು ಕೇಳಿದೆ.

"ಇಲ್ವಲ್ಲ ಮೇಡಂ. ನೆಲಮಹಡಿಲಿ ಯಾವ ಮನೆಗೂ ಇಲ್ಲ."

"ಇಲ್ಲ ಅಂತ ನಂಗೂ ಗೊತ್ತು. ಬೇಕು ಅಂದೋರು ಯಾರು?"

ಅವಳು ಫೈಲು ಹುಡುಕಿ, ಮೊದಲ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದಳು. "ನೀವೇ ಮೇಡಂ. ಎಷ್ಟು ಚೆನ್ನಾಗಿ ಬರೆದಿದೀರಿ ನೋಡಿ. ಬಾಲ್ಕೊನಿಕ್, ಅದಿಲ್ಲದೆ ನಾನು ಎಲ್ಲಿಗೂ ಕದಲುವುದಿಲ್ಲ. ಮೂರು ಜನ ಓದಿದ್ವಿ. ಪುಟ್ಟದಾದ್ರೂ ಸರಿ, ಬಾಲ್ಕನಿ ಇಲ್ದಿದ್ರೆ ಮನೆ ಬಿಡಲ್ಲ ಅಂತ ಹಟ ಮಾಡ್ತಿದಾರೆ, ಇಂಥೋರನ್ನ ಇಲ್ಲಿಗೆ ಹಾಕಿದ್ರೆ ನಾಳೆ ದೂರು ಬರುತ್ತೆ ಅಂದ್ರು ನಮ್ಮ ಮ್ಯಾನೇಜರು. ಹೂಕುಂಡ ಇಡೋರು ತುಂಬ ಜನ ಹೀಗೇ ಬರೀತಾರೆ."

ಕೌಂಟರಿಗೆ ಎದೆಯಾನಿಸಿ ನಿಂತೆ. ಎರಡೂ ಕೈಯಲ್ಲಿ ವಾಕರ್ ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದೆ. ಅವಳು ಕುರ್ಚಿಯಿಂದೆದ್ದು ಕೌಂಟರಿನ ಮೇಲೆ ಬಗ್ಗಿ ಕೆಳಗೆ ನೋಡಿದಳು.

"ಓ," ಅಂದಳು. ಮತ್ತೆ ಹಾಳೆ ನೋಡಿ, "ಈ ಬಾಲ್ಕೊನಿಕ್ಕಾ," ಅಂದಳು.

"ಡಾಕ್ಟರ ಸರ್ಟಿಫಿಕೇಟು ಇತ್ತಲ್ಲಮ್ಮ ಹಿಂದೆ," ಎಂದಳು ಇರ್ಮಿನಾ.

"ಸರ್ಟಿಫಿಕೇಟೆಲ್ಲ ಹನ್ನೊಂದನೇ ಕೋಣೆಗೆ ಹೋಗುತ್ತೆ. ನಾನು ನೋಡೋದು ಮೊದಲನೇ ಹಾಳೆ ಮಾತ್ರ." ಅವಳ ಕಿವಿ ಕೆಂಪಾಗಿತ್ತು. "ಹೋಜಿಕ್ ಅಂತ ಬರೆದಿದ್ರೆ ಗೊತ್ತಾಗ್ತಿತ್ತು ಮೇಡಂ."

"ಹೋಜಿಕ್ ಅಂತ ಬರೆದಿದ್ರೆ ಮಗು ಇದೆ ಅನ್ಕೋತಿದ್ರಿ."

"ಮಗು ಇರೋರಿಗೆ ನೆಲಮಹಡಿಲಿ ಆದ್ಯತೆ ಇದೆ," ಎಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಈಗ ಏನು ಮಾಡಲು ಆಗುತ್ತದೆ ಎಂದು ಕೇಳಿದೆ. ಹೋದ ಗುರುವಾರವೇ ಒಂದು ಚಿಕ್ಕ ಸಂಸಾರಕ್ಕೆ ಕೀಲಿ ಕೊಟ್ಟಾಗಿದೆ, ಸಹಿಯೂ ಆಗಿದೆ. ಮೇಲ್ಮನವಿ ಹಾಕಬಹುದು, ಆದರೆ ಒಳಗೆ ಸೇರಿದವರನ್ನು ಹೊರಹಾಕಲು ಬರುವುದಿಲ್ಲ. ಹೊಸ ಅರ್ಜಿ ಹಾಕಬಹುದು, ನೆಲಮಹಡಿಯಲ್ಲಿ ಯಾವುದಾದರೂ ಖಾಲಿಯಾದಾಗ. ಪಾಪ, ಅವಳು ಹೇಳುತ್ತಲೇ ಹೋದಳು. ಕೊನೆಗೆ ಏನೋ ನೆನಪಾಗಿ, ಅಭ್ಯಾಸಬಲದಿಂದ ಕಂಪ್ಯೂಟರ್ ನೋಡಿದಳು.

"ಬಾಲ್ಕನಿ ಕೋರಿದವರಲ್ಲಿ ನಿಮ್ಮ ಹೆಸರೇ ಮೊದಲಿದೆ. ಹದಿನಾಲ್ಕನೇ ಕಟ್ಟಡದಲ್ಲಿ ಒಂದು ಖಾಲಿ ಆಗ್ತಿದೆ."

"ಎಷ್ಟನೇ ಮಹಡಿ?"

ಅವಳು ನಾಲ್ಕು ಬೆರಳು ಎತ್ತಿ ತೋರಿಸಿದಳು. ನಾನು ನಕ್ಕುಬಿಟ್ಟೆ. ನಕ್ಕದ್ದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ಸಾಲಿನಲ್ಲಿ ನಿಂತವರೆಲ್ಲ ನೋಡಿದರು. ಈಗಿರುವ ಮನೆಗೂ ಬಾಲ್ಕನಿ ಇದೆ. ಅದರ ಹೊಸ್ತಿಲು ಒಂದು ಗೇಣು ಎತ್ತರ, ವಾಕರ್ ದಾಟುವುದಿಲ್ಲ. ಎರಡು ವರ್ಷದಿಂದ ಅಲ್ಲಿ ಪಾರಿವಾಳಗಳು ಸಂಸಾರ ಮಾಡಿವೆ. ಬೊಜೆನಾ ಎದ್ದು ಬಂದು ಒಂದು ಲೋಟ ನೀರು ಕೊಟ್ಟಳು. ಬಾಯಿ ಒಣಗಿತ್ತು. ಆದರೂ ಕುಡಿಯಲಿಲ್ಲ, ಇನ್ನೂ ಎಪ್ಪತ್ತೆರಡು ಮೆಟ್ಟಿಲು ಹತ್ತುವುದಿತ್ತು.

ಅವಳನ್ನು ಬೈದು ಹಗುರಾಗೋಣ ಅಂತಲೇ ಹೋಗಿದ್ದೆ. ಬೈಯಲು ಏನೂ ಸಿಗಲಿಲ್ಲ. ಅಕ್ಷರ ನನ್ನದು, ಗತ್ತು ನನ್ನದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ, ನಾನು ಬರೆದು ಕಳೆದುಕೊಂಡೆ.

ವಾಪಸ್ ಬಂದಾಗ ಒಂದನೇ ನಂಬರಿನ ಬಾಗಿಲು ತೆರೆದಿತ್ತು. ಒಳಗೆ ಹಳದಿ ಬಣ್ಣ ಬಳಿಯುತ್ತಿದ್ದರು. ಲೆಯೋನಾರ್ದ್ ಅವರ ಕೋಟು ನೇತಾಡುತ್ತಿದ್ದ ಗೋಡೆ ಬೋಳಾಗಿತ್ತು. ನಾನು ಮಂಚ ಹಾಕಬೇಕೆಂದಿದ್ದ ಕಿಟಕಿಯ ಪಕ್ಕ ತೊಟ್ಟಿಲಿತ್ತು. ಗಡಗಡ ಸದ್ದು ಮಾಡುತ್ತ ಒಂದು ಮಗು ಹೊಸ್ತಿಲವರೆಗೆ ಬಂದು ನಿಂತಿತು. ಚಕ್ರದ ಗಾಡಿ, ಸುತ್ತ ಕೆಂಪು ಕಂಬಿ, ಕಂಬಿಗೆ ಮಣಿ ಪೋಣಿಸಿತ್ತು. ಹೋಜಿಕ್. ಅದು ನನ್ನ ವಾಕರ್ ನೋಡಿತು, ನನ್ನನ್ನು ನೋಡಿತು, ಎರಡೇ ಹಲ್ಲು ಬಿಟ್ಟು ನಕ್ಕಿತು. ಒಂದೇ ಜಾತಿಯವರು ಸಿಕ್ಕ ಹಾಗೆ ಕೈ ಚಾಚಿತು.

"ಕ್ಷಮಿಸಿ ಆಂಟಿ, ಇವ್ನು ದಾರಿಗೆ ಅಡ್ಡ ಬಂದ್ನಾ?" ಎನ್ನುತ್ತ ಅದರ ತಾಯಿ ಬಂದಳು. ಮಾರ್ಸೆಲಿನಾ ಅಂತ ಹೆಸರು, ಕೂದಲಲ್ಲಿ ಬಣ್ಣದ ಚುಕ್ಕೆ. ಗಂಡ ಕಾಯೆತಾನ್ ಏಣಿ ಮೇಲಿಂದಲೇ ತಲೆ ಬಾಗಿಸಿದ. ಇಬ್ಬರೂ ಒಳ್ಳೆಯವರು. ದ್ವೇಷಿಸಲು ಎಷ್ಟು ಪ್ರಯತ್ನ ಪಟ್ಟರೂ ನನ್ನ ಕೈಲಾಗಲಿಲ್ಲ, ಅದೂ ನನಗೆ ಸಿಟ್ಟು ತರಿಸಿತು.

ನಾನು ವಾಕರ್ ಅನ್ನು ಕಂಬಿಗೆ ಕಟ್ಟಿ ಬೀಗ ಹಾಕುವುದನ್ನು ಮಾರ್ಸೆಲಿನಾ ನೋಡುತ್ತಿದ್ದಳು. ಸಂಕೋಚದಿಂದ ಕೇಳಿದಳು. "ಆಂಟಿ, ಇದು ನಿಮ್ಮದಾ? ಯಾರೋ ಬಿಟ್ಟುಹೋಗಿದಾರೆ ಅನ್ಕೊಂಡಿದ್ದೆ. ಮಗು ತಳ್ಳುಗಾಡಿ ಇಡೋಕೆ ಇಲ್ಲಿ ಇದೊಂದೇ ಜಾಗ. ಇದು ನಿಮಗೆ ದಿನಾ ಬೇಕಾಗುತ್ತಾ?"

ಇರ್ಮಿನಾ ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ.

ದಿನಾ ಬೇಕು ಅಂತಲೇ ನಾನು ಮೂರು ಹಾಳೆ ಬರೆದದ್ದು. ಆದರೆ ಕೇಳಿದ್ದಕ್ಕೆ ನಿಜ ಹೇಳಬೇಕಲ್ಲ. "ಇಲ್ಲ," ಅಂದೆ. "ದಿನಾ ಬೇಕಾಗಲ್ಲ."

"ಹಾಗಾದ್ರೆ ನಾವು ಜೋಪಾನವಾಗಿ ನೆಲಮಾಳಿಗೆಲಿ ಇಡ್ತೀವಿ. ಬೇಕಾದಾಗ ಒಂದು ಮಾತು ಹೇಳಿ, ಇವರು ತಂದುಕೊಡ್ತಾರೆ."

ಬೀಗದ ಕೀಲಿಯನ್ನು ಅವಳ ಕೈಗೆ ಕೊಟ್ಟೆ. ನಾನು ಮೊದಲ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತು ಹತ್ತಲು ಶುರುಮಾಡಿದ್ದನ್ನು ಕಂಡು ಕಾಯೆತಾನ್ ಏಣಿಯಿಂದ ಇಳಿದು ಓಡಿಬಂದ.

"ಏನಾಂಟಿ ಇದು, ಹೀಗೆ ಹೋಗ್ತೀರಾ? ಬನ್ನಿ, ನಾನು ಎತ್ಕೊಂಡು ಹೋಗ್ತೀನಿ."

"ಬೇಡಪ್ಪ. ನಂಗಿದು ಅಭ್ಯಾಸ."

"ನಮ್ಮಜ್ಜೀನ ಹೀಗೇ ಹೊರ್ತಿದ್ದೆ ನಾನು. ಅವಳು ನಿಮಗಿಂತ ದಪ್ಪ ಇದ್ಲು."

ನಾನು ಇನ್ನೊಂದು ಸಲ ಬೇಡ ಅನ್ನಬೇಕಿತ್ತು. ತೋಳು ಸೋತಿದ್ದವು, ಹೊಟ್ಟೆ ಕೆಳಗೆ ಅರ್ಜೆಂಟಾಗಿತ್ತು. ಕೈಗವಸು ಬಿಚ್ಚಿದೆ. ಅವನು ಬಗ್ಗಿ ಬೆನ್ನು ಕೊಟ್ಟ, ಅವನ ಹೆಂಡತಿಯೂ ಇರ್ಮಿನಾಳೂ ಸೇರಿ ನನ್ನನ್ನು ಮೂಟೆಯಂತೆ ಅದಕ್ಕೇರಿಸಿದರು. ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ನನ್ನ ಒಂದೂವರೆ ಗಂಟೆಯ ದಾರಿಯನ್ನು ಅವನು ಆರು ನಿಮಿಷದಲ್ಲಿ ಮುಗಿಸಿದ. ಮೇಲೆ ನನ್ನ ಬಾಗಿಲೊಳಗೆ ನಿಂತಿದ್ದ ವಾಕರ್ ಮುಂದೆ ಇಳಿಸಿ, ಬೆವರು ಒರೆಸಿಕೊಂಡು ಅತ್ತಿತ್ತ ನೋಡಿದ.

"ಬೆಳಕು ಚೆನ್ನಾಗಿದೆ ಆಂಟಿ ನಿಮ್ಮಲ್ಲಿ," ಎಂದ. "ಬಾಲ್ಕನಿ ಬೇರೆ ಇದೆ. ಪುಣ್ಯವಂತರು."

ಆಮೇಲೆ ಹೊಸ ಅರ್ಜಿ ಹಾಕಿದೆ. ಈ ಸಲ ಆ ಚೌಕದೊಳಗೆ ಹೋಜಿಕ್ ಎಂದು ದಪ್ಪಕ್ಷರದಲ್ಲಿ ಬರೆದು, ಕಾಯಿಲೆಯ ಹೆಸರು ಬರೆದು, ಎಪ್ಪತ್ತೆರಡು ಮೆಟ್ಟಿಲು ಬರೆದು, ದಯವಿಟ್ಟು ಅಂತಲೂ ಬರೆದೆ. ಚೌಕ ಸಾಲದೆ ಅಂಚಿನವರೆಗೂ ಹೋಯಿತು. ಬೊಜೆನಾ ತಾನೇ ಫೋನ್ ಮಾಡಿ, ಅರ್ಜಿ ಸರಿಯಾಗಿದೆ, ಖಾಲಿ ಆದ ದಿನವೇ ತಿಳಿಸುತ್ತೇನೆ ಅಂದಳು.

ನಮ್ಮ ನೆಲಮಹಡಿಯಲ್ಲಿ ಇರುವುದು ಎರಡೇ ಮನೆ. ಒಂದರಲ್ಲಿ ಈಗ ಕಾಯೆತಾನ್ ಸಂಸಾರ, ಮಗು ದೊಡ್ಡದಾಗುವವರೆಗೆ ಅವರು ಕದಲುವುದಿಲ್ಲ. ಇನ್ನೊಂದರಲ್ಲಿ ತೆಯೋಫಿಲಾ. ಎಂಬತ್ತಾರು ವರ್ಷ, ಒಂಟಿ, ಎದೆಯಲ್ಲಿ ಕಫ.

ಭಾನುವಾರ ನಾನು ಕೋಳಿ ಸಾರು ಮಾಡುತ್ತೇನೆ. ಒಂದು ಬಾಟಲಿ ತುಂಬಿ ಬಟ್ಟೆ ಸುತ್ತಿ ಇರ್ಮಿನಾಳ ಕೈಲಿ ತೆಯೋಫಿಲಾಗೆ ಕಳಿಸುತ್ತೇನೆ. ಹೇಗಿದಾರೆ ಅಂತ ಕೇಳಿಕೊಂಡು ಬಾ ಅನ್ನುತ್ತೇನೆ. ಮೊದಲ ಸಲ ಕಳಿಸಿದಾಗ ಯಾಕೆ ಕಳಿಸುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಎರಡನೇ ಸಲ ಗೊತ್ತಾಯಿತು. ನನ್ನ ಮನಸ್ಸು ಅಲ್ಲಿ ಟೇಪು ಹಿಡಿದು ಬಾಗಿಲು ಅಳೆಯುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಗಿ ಆ ದಿನ ಊಟ ಮಾಡಲಿಲ್ಲ. ಮುಂದಿನ ವಾರ ಸಾರಿಗೆ ಇನ್ನೊಂದು ತುಂಡು ಜಾಸ್ತಿ ಹಾಕಿ ಕಳಿಸಿದೆ.

ಮೊನ್ನೆ ಭಾನುವಾರ ಇರ್ಮಿನಾ ಖಾಲಿ ಬಾಟಲಿ ತಂದು ಮೇಜಿನ ಮೇಲಿಟ್ಟಳು.

"ತೆಯೋಫಿಲಾ ಅತ್ತುಬಿಟ್ರು ಕಣೇ. ತಂಗಿ ಮಕ್ಕಳು ಒಬ್ಬರೂ ತಿರುಗಿ ನೋಡಲ್ಲ, ವಾರ ವಾರ ತಪ್ಪದೆ ಆರೋಗ್ಯ ವಿಚಾರಿಸೋಳು ಲುಚಿನಾ ಒಬ್ಳೇ ಅಂದ್ರು. ಅವಳಿಗೆ ದೇವರು ಒಳ್ಳೇದು ಮಾಡ್ಲಿ ಅಂದ್ರು."

ನಾನು ವಾಕರ್ ಹಿಡಿದೆದ್ದು, ಬಾಟಲಿ ತೊಳೆಯಲು ಸಿಂಕಿನ ಹತ್ತಿರ ಹೋದೆ. ಕೆಳಗೆ, ಎಲ್ಲೋ ತುಂಬ ಕೆಳಗೆ, ಮಗುವಿನ ಗಾಡಿಯ ಚಕ್ರ ಗಡಗಡ ಓಡಾಡುತ್ತಿತ್ತು.

"ಕೆಮ್ಮು ಹೇಗಿದೆಯಂತೆ?" ಎಂದು ಕೇಳಿದೆ.

"ಕಮ್ಮಿಯಾಗಿದೆ. ನಿನ್ನ ಸಾರು ಚೆನ್ನಾಗಿ ಹಿಡಿದಿದೆ ಅಂತ ಕಾಣುತ್ತೆ. ಮುಖದಲ್ಲಿ ಕಳೆ ಬಂದಿದೆ."

"ಒಳ್ಳೇದಾಯ್ತು," ಅಂದೆ.

ಈ ಸಲ ಇರ್ಮಿನಾ ನನ್ನ ಮುಖ ನೋಡಲಿಲ್ಲ.